ಪಟ್ಟಿಯೋ ನಿಯಮವೋ: ನೂರಿ ನಸ್ತಲೀಕ್ ಫಾಂಟಿನ ಚರಿತ್ರೆ ಮತ್ತು ಉರ್ದು ಬರವಣಿಗೆಯ ಘಟಕ

1. ಪ್ರಸ್ತಾವನೆ

1981ರಲ್ಲಿ ಪಾಕಿಸ್ತಾನದ ‘ಜಂಗ್’ ದಿನಪತ್ರಿಕೆಯ ಲಾಹೋರ್ ಆವೃತ್ತಿ ಆರಂಭವಾದಾಗ ಅದರ ಸುದ್ದಿಪಠ್ಯ ನೋಟಕ್ಕೆ ನುರಿತ ಲಿಪಿಕಾರನ ಕೈಬರಹದಂತಿತ್ತು. ಆದರೆ ಆ ಸಾಲುಗಳನ್ನು ಯಾರೂ ಲೇಖನಿ ಹಿಡಿದು ಬರೆದಿರಲಿಲ್ಲ. ಕೀಲಿಮಣೆಯ ಮೇಲೆ ಒತ್ತಿದ ಅಕ್ಷರಗಳನ್ನು ಗಣಕಯಂತ್ರವು ನಸ್ತಲೀಕ್ ಶೈಲಿಯ ಆಕೃತಿಗಳಾಗಿ ಜೋಡಿಸಿತ್ತು. ಆ ಆಕೃತಿಗಳ ಸಂಗ್ರಹಕ್ಕೆ ನೂರಿ ನಸ್ತಲೀಕ್ ಎಂದು ಹೆಸರು. ಶತಮಾನಗಳಿಂದ ಕೈಗೆ ಮಾತ್ರ ಒಲಿದಿದ್ದ ಲಿಪಿಶೈಲಿಯೊಂದು ಯಂತ್ರಕ್ಕೂ ಒಲಿಯಿತೆಂಬುದು ಉರ್ದು ಮುದ್ರಣದ ಚರಿತ್ರೆಯಲ್ಲಿ ದೊಡ್ಡ ತಿರುವು.

ಫಾಂಟುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಕಲೆಯ ಅಥವಾ ತಂತ್ರಜ್ಞಾನದ ಚರಿತ್ರೆಯ ಭಾಗವಾಗಿ ಬರೆಯಲಾಗುತ್ತದೆ. ಭಾಷಾವಿಜ್ಞಾನವು ಬರವಣಿಗೆಯನ್ನೇ ಮಾತಿನ ಅನುಷಂಗವೆಂದು ಬದಿಗಿಟ್ಟ ಕಾರಣ ಫಾಂಟು ಅದರ ವಿಚಾರಕ್ಕೆ ಇನ್ನೂ ದೂರವೇ ಉಳಿದಿದೆ. ಈ ಲೇಖನದ ನಿಲುವು ಬೇರೆ. ಸನ್ನಿವೇಶಕ್ಕೆ ತಕ್ಕಂತೆ ಅಕ್ಷರಗಳು ರೂಪ ಬದಲಿಸುವ ಲಿಪಿಗೆ ಫಾಂಟನ್ನು ರಚಿಸುವವರು ಆ ಲಿಪಿಯ ಘಟಕ ಯಾವುದೆಂಬ ಪ್ರಶ್ನೆಗೆ, ತಿಳಿದೋ ತಿಳಿಯದೆಯೋ, ಉತ್ತರ ಕೊಟ್ಟಿರುತ್ತಾರೆ. ನೂರಿ ನಸ್ತಲೀಕ್ ಕೊಟ್ಟ ಉತ್ತರ ‘ಪಟ್ಟಿ’. ಅದರ ನಂತರ ಬಂದ ಹಲವು ಫಾಂಟುಗಳು ಕೊಟ್ಟ ಉತ್ತರ ‘ನಿಯಮ’. ಪಟ್ಟಿಯು ಉರ್ದುವಿನ ಲಿಪಿಸೌಂದರ್ಯವನ್ನು ಉಳಿಸಿತು. ಆದರೆ ಅದೇ ಲಿಪಿಶೈಲಿಯನ್ನು ಬಳಸುವ ಇತರ ಭಾಷೆಗಳಿಗೂ ಉರ್ದುವಿಗೆ ಹೊಸದಾಗಿ ಬರುವ ಪದಗಳಿಗೂ ಬಾಗಿಲು ತೆರೆಯಲು ನಿಯಮವೇ ಬೇಕಾಯಿತು. ಈ ಎರಡು ಉತ್ತರಗಳ ಚರಿತ್ರೆಯನ್ನು ಪರಿಶೀಲಿಸಿ, ಭಾಷಾದತ್ತದ ಮೇಲೆ ಅವುಗಳ ಪರಿಣಾಮವನ್ನು ಗುರುತಿಸುವುದು ಇಲ್ಲಿಯ ಉದ್ದೇಶ.

ಪರಿಭಾಷೆಯ ಬಗ್ಗೆ ಒಂದು ಮಾತು. ಧ್ವನಿಮಾ ಎಂಬುದಕ್ಕೆ ಸಂವಾದಿಯಾಗಿ ಬರವಣಿಗೆಯ ಕನಿಷ್ಠ ವ್ಯಾವರ್ತಕ ಘಟಕವನ್ನು ಇಲ್ಲಿ ‘ಲಿಪಿಮಾ’ ಎಂದೂ ಅದರ ಸಂದರ್ಭಾನುಸಾರಿ ರೂಪಭೇದಗಳನ್ನು ‘ಉಪಲಿಪಿಮಾ’ ಎಂದೂ ಕರೆಯಲಾಗಿದೆ. ಲೇಖನಿಯನ್ನು ಎತ್ತದೆ ಒಂದಕ್ಕೊಂದು ಸೇರಿಸಿ ಬರೆದ ಅಕ್ಷರಗಳ ಗುಂಪನ್ನು ‘ಕೂಡುರೂಪ’ ಎಂದು ಕರೆದಿದೆ. ಉರ್ದು ಗಣಕ ವ್ಯವಹಾರದಲ್ಲಿ ಇದಕ್ಕೆ ‘ತರ್ಸೀಮಾ’ ಎಂಬ ಪದವಿದೆ.

2. ನಸ್ತಲೀಕಿನ ರಚನೆ

ನಸ್ತಲೀಕ್ ಹದಿನಾಲ್ಕು–ಹದಿನೈದನೆಯ ಶತಮಾನಗಳ ಇರಾನಿನಲ್ಲಿ ರೂಪುಗೊಂಡ ಶೈಲಿ. ನಸ್ಖ್ ಮತ್ತು ತಅಲೀಕ್ ಎಂಬ ಎರಡು ಹಳೆಯ ಶೈಲಿಗಳ ಹೆಸರುಗಳು ಕೂಡಿ ಈ ಹೆಸರಾಗಿದೆ. ಇದರ ಪ್ರವರ್ತಕನೆಂದು ಪರಂಪರೆಯು ಮೀರ್ ಅಲಿ ತಬ್ರೀಜಿಯನ್ನು ಹೆಸರಿಸುತ್ತದೆ. ಪಾರಸಿ ಕಾವ್ಯದ ಹಸ್ತಪ್ರತಿಗಳಿಗೆ ಇದೇ ಮೆಚ್ಚಿನ ಶೈಲಿಯಾಯಿತು. ಮೊಘಲ್ ಮತ್ತು ದಖನಿ ಆಸ್ಥಾನಗಳ ಮೂಲಕ ಭಾರತಕ್ಕೆ ಬಂದು, ಮುಂದೆ ಉರ್ದುವಿನ ಸಹಜ ಉಡುಪೇ ಆಯಿತು. ಕರ್ನಾಟಕದ ನೆಲದಲ್ಲೂ ಇದಕ್ಕೆ ಹಳೆಯ ಬೇರುಗಳಿವೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಇರಾನಿನ ಹೆಸರಾಂತ ಲಿಪಿಕಾರ ಖಲೀಲುಲ್ಲಾ ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ, ಆ ದೊರೆಯ ‘ಕಿತಾಬ್-ಎ-ನೌರಸ್’ ಕೃತಿಯ ಪ್ರತಿಯೊಂದನ್ನು ಬರೆದೊಪ್ಪಿಸಿ ‘ಲೇಖನಿಯ ಚಕ್ರವರ್ತಿ’ ಎಂಬ ಅರ್ಥದ ಬಿರುದನ್ನು ಪಡೆದನು.

ಅರಬ್ಬೀ ಮೂಲದ ಎಲ್ಲ ಲಿಪಿಶೈಲಿಗಳಂತೆ ನಸ್ತಲೀಕಿನಲ್ಲಿಯೂ ಅಕ್ಷರಗಳಲ್ಲಿ ಎರಡು ವರ್ಗ. ‘ಬೇ’, ‘ಸೀನ್’, ‘ಕಾಫ್’ ಮುಂತಾದವು ತಮ್ಮ ಮುಂದಿನ ಅಕ್ಷರದೊಡನೆ ಸೇರುತ್ತವೆ. ‘ಅಲಿಫ್’, ‘ದಾಲ್’, ‘ರೇ’, ‘ವಾವ್’ ಮುಂತಾದವು ಹಿಂದಿನ ಅಕ್ಷರದೊಡನೆ ಸೇರಿದರೂ ಮುಂದಿನದರೊಡನೆ ಸೇರುವುದಿಲ್ಲ. ಆದುದರಿಂದ ಒಂದು ಪದವು ಹಲವು ಕೂಡುರೂಪಗಳಾಗಿ ಒಡೆಯುತ್ತದೆ. ‘ಪಾಕಿಸ್ತಾನ್’ ಎಂಬ ಪದವನ್ನು ಉರ್ದುವಿನಲ್ಲಿ ಏಳು ಅಕ್ಷರಗಳಿಂದ ಬರೆಯುತ್ತಾರೆ: ಪೇ, ಅಲಿಫ್, ಕಾಫ್, ಸೀನ್, ತೇ, ಅಲಿಫ್, ನೂನ್. ಇವು ಮೂರು ತುಂಡುಗಳಾಗಿ ನಿಲ್ಲುತ್ತವೆ: ಪೇ-ಅಲಿಫ್, ಕಾಫ್-ಸೀನ್-ತೇ-ಅಲಿಫ್, ಕೊನೆಗೆ ಒಂಟಿ ನೂನ್. ‘ಬೀದರ್’ ಎಂಬುದರಲ್ಲಿ ಬೇ-ಯೇ-ದಾಲ್ ಒಂದು ತುಂಡು, ರೇ ಇನ್ನೊಂದು. ಈ ತುಂಡುಗಳು ಉಚ್ಚಾರಾಂಶಗಳೂ ಅಲ್ಲ, ಆಕೃತಿಮಾಗಳೂ ಅಲ್ಲ. ಅಕ್ಷರಗಳ ಸೇರುವ ಗುಣ ಮಾತ್ರ ಅವುಗಳ ಎಲ್ಲೆಯನ್ನು ನಿರ್ಧರಿಸುತ್ತದೆ.

ಇಷ್ಟು ನಸ್ಖ್ ಶೈಲಿಗೂ ಅನ್ವಯಿಸುವ ಮಾತು. ನಸ್ತಲೀಕಿನ ವೈಶಿಷ್ಟ್ಯ ಇನ್ನೂ ಎರಡು ಸಂಗತಿಗಳಲ್ಲಿದೆ. ಮೊದಲನೆಯದು ಇಳಿಜಾರು. ನಸ್ಖ್‌ನಲ್ಲಿ ಅಕ್ಷರಗಳು ಸಮತಲದ ಆಧಾರರೇಖೆಯ ಮೇಲೆ ಸಾಲಾಗಿ ಕೂರುತ್ತವೆ. ನಸ್ತಲೀಕಿನಲ್ಲಿ ಕೂಡುರೂಪದ ಕೊನೆಯ ಅಕ್ಷರ ಮಾತ್ರ ರೇಖೆಯ ಬಳಿ ನಿಲ್ಲುತ್ತದೆ. ಅದರ ಹಿಂದಿನವು ಬಲಕ್ಕೆ ಹೋದಂತೆ ಮೇಲೇರುತ್ತವೆ. ಹೀಗಾಗಿ ಮೊದಲ ಅಕ್ಷರವನ್ನು ಎಷ್ಟು ಎತ್ತರದಲ್ಲಿ ಆರಂಭಿಸಬೇಕೆಂಬುದು ಕೂಡುರೂಪದ ಒಟ್ಟು ಉದ್ದವನ್ನು ಅವಲಂಬಿಸಿದೆ. ಬರೆಯುವವನು ಲೇಖನಿ ಊರುವ ಮುನ್ನವೇ ಇಡೀ ತುಂಡನ್ನು ಮನಸ್ಸಿನಲ್ಲಿ ಕಂಡಿರಬೇಕು. ಎರಡನೆಯದು ನೆರೆಯ ಪ್ರಭಾವ. ನಸ್ಖ್‌ನ ಮುದ್ರಣದಲ್ಲಿ ಒಂದು ಅಕ್ಷರಕ್ಕೆ ಒಂಟಿ, ಆದಿ, ಮಧ್ಯ, ಅಂತ್ಯ ಎಂಬ ನಾಲ್ಕು ರೂಪಗಳಿದ್ದರೆ ಬಹುಮಟ್ಟಿಗೆ ಸಾಕು. ನಸ್ತಲೀಕಿನಲ್ಲಿ ಪದಾದಿಯ ‘ಬೇ’ ತನ್ನ ಮುಂದೆ ಅಲಿಫ್ ಬಂದರೆ ಒಂದು ರೂಪ, ಜೀಮ್ ಬಂದರೆ ಇನ್ನೊಂದು, ಸೀನ್ ಬಂದರೆ ಮತ್ತೊಂದು, ಮೀಮ್ ಬಂದರೆ ಮಗದೊಂದು ರೂಪ ತಾಳುತ್ತದೆ. ಚುಕ್ಕೆಗಳ ಸ್ಥಾನವೂ ಸ್ಥಿರವಲ್ಲ; ಅಕ್ಕಪಕ್ಕದ ಚುಕ್ಕೆಗಳಿಗೆ ತಾಗದಂತೆ ಅವು ಸರಿದು ಕೂರುತ್ತವೆ.

ಭಾಷಾವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ, ಇವು ಪೂರಕ ಹಂಚಿಕೆಯಲ್ಲಿರುವ ಉಪಲಿಪಿಮಾಗಳು. ಓದುಗನು ಎಲ್ಲವನ್ನೂ ಒಂದೇ ‘ಬೇ’ ಎಂದು ಗ್ರಹಿಸುತ್ತಾನೆ. ಆದರೆ ಇವುಗಳ ಹಂಚಿಕೆಯ ನಿಯಮಗಳನ್ನು ಲಿಪಿಕಾರರ ಪರಂಪರೆಯು ವಾಕ್ಯಗಳಲ್ಲಿ ಅಲ್ಲ, ಅಭ್ಯಾಸದಲ್ಲಿ ಉಳಿಸಿಕೊಂಡು ಬಂದಿತ್ತು. ಗುರುವು ಬರೆದುಕೊಟ್ಟ ಮಾದರಿಯನ್ನು ಶಿಷ್ಯನು ಲೇಖನಿಯ ಚುಕ್ಕೆಯನ್ನೇ ಅಳತೆಗೋಲಾಗಿಟ್ಟುಕೊಂಡು ಮತ್ತೆ ಮತ್ತೆ ತಿದ್ದುತ್ತಿದ್ದನು. ಮಾತನಾಡುವವನಿಗೆ ವ್ಯಾಕರಣ ಹೇಗೋ ಲಿಪಿಕಾರನಿಗೆ ಈ ನಿಯಮಗಳು ಹಾಗೆ: ಕೈಗೆ ಗೊತ್ತಿದ್ದವು, ಹೇಳಲು ಬರುತ್ತಿರಲಿಲ್ಲ.

3. ಅಚ್ಚುಮೊಳೆ, ಕಲ್ಲಚ್ಚು, ಕಾತಿಬ್

ನಸ್ತಲೀಕನ್ನು ಅಚ್ಚುಮೊಳೆಗೆ ಇಳಿಸುವ ಯತ್ನ ಭಾರತದಲ್ಲಿ ಮುದ್ರಣದಷ್ಟೇ ಹಳೆಯದಲ್ಲದಿದ್ದರೂ ಸಾಕಷ್ಟು ಹಳೆಯದು. ಬಂಗಾಳಿ ಮೊಳೆಗಳನ್ನು ಸಿದ್ಧಪಡಿಸಿದ ಚಾರ್ಲ್ಸ್ ವಿಲ್ಕಿನ್ಸ್ ನಸ್ತಲೀಕ್ ಮೊಳೆಗಳನ್ನೂ ಮಾಡಿದನು. 1781ರಲ್ಲಿ ಕಲ್ಕತ್ತದಲ್ಲಿ ಪ್ರಕಟವಾದ ಫ್ರಾನ್ಸಿಸ್ ಬಾಲ್ಫೋರನ ಪಾರಸಿ ಪತ್ರಮಾದರಿಗಳ ಪುಸ್ತಕದಲ್ಲಿ ಅವು ಬಳಕೆಯಾದವು. ಆದರೆ ಸೀಸದ ಮೊಳೆ ಆಯತಾಕಾರದ ತುಂಡು. ಅದರ ಮೇಲೆ ಒಂದು ಆಕೃತಿ ಇರಬಹುದು, ಅದು ಪಕ್ಕದ ಮೊಳೆಗೆ ಒತ್ತಿ ನಿಲ್ಲಬೇಕು. ಇಳಿಜಾರಿನಲ್ಲಿ ಒಂದರ ಮೇಲೊಂದು ಚಾಚಿಕೊಳ್ಳುವ ಆಕೃತಿಗಳನ್ನು ಆಯತಗಳ ಸಾಲಾಗಿ ಒಡೆಯುವುದು ಕಷ್ಟ; ಒಡೆದರೂ ಮೊಳೆಪೆಟ್ಟಿಗೆಯ ಖಾನೆಗಳು ನೂರಾರಾಗಿ ಬೆಳೆಯುತ್ತವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಕಲ್ಲಚ್ಚು ಈ ತೊಡಕನ್ನು ಪರಿಹರಿಸದೆ ದಾಟಿಸಿತು. ಕಾತಿಬ್, ಅಂದರೆ ಲಿಪಿಕಾರ, ವಿಶೇಷ ಶಾಯಿಯಲ್ಲಿ ಕಾಗದದ ಮೇಲೆ ಬರೆದ ಪುಟವನ್ನು ಕಲ್ಲಿಗೆ ವರ್ಗಾಯಿಸಿ ಅದರಿಂದ ಪ್ರತಿಗಳನ್ನು ತೆಗೆಯಬಹುದಾಗಿತ್ತು. ಇಲ್ಲಿ ಲಿಪಿಯನ್ನು ಘಟಕಗಳಾಗಿ ಒಡೆಯುವ ಅಗತ್ಯವೇ ಇರಲಿಲ್ಲ, ಪುಟವೇ ಘಟಕ. 1858ರಲ್ಲಿ ಲಖ್ನೋದಲ್ಲಿ ಸ್ಥಾಪನೆಯಾದ ನವಲ್ ಕಿಶೋರ್ ಮುದ್ರಣಾಲಯ ಕಲ್ಲಚ್ಚಿನಿಂದಲೇ ಉರ್ದು, ಪಾರಸಿ ಗ್ರಂಥಗಳನ್ನು ಅಪಾರ ಪ್ರಮಾಣದಲ್ಲಿ ಹೊರತಂದಿತು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವೂ 1843ರಲ್ಲಿ ಕಲ್ಲಚ್ಚಿನಲ್ಲೇ ಹೊರಬಂದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಕನ್ನಡದ ಪಾಲಿಗೆ ಕಲ್ಲಚ್ಚು ಒಂದು ಮೆಟ್ಟಿಲಾಗಿತ್ತು. ಕನ್ನಡ ಬಹುಬೇಗ ಅಚ್ಚುಮೊಳೆಗೆ ಹೊಂದಿಕೊಂಡಿತು. ಉರ್ದುವಿನ ಪಾಲಿಗೆ ಕಲ್ಲಚ್ಚೂ ಅದರ ಉತ್ತರಾಧಿಕಾರಿಯಾದ ಆಫ್‌ಸೆಟ್ ಮುದ್ರಣವೂ ನೂರೈವತ್ತು ವರ್ಷಗಳ ಮನೆಯಾದವು.

ಬೇರೆ ದಾರಿ ಇರಲಿಲ್ಲವೆಂದಲ್ಲ. ನಸ್ಖ್ ಅಚ್ಚುಮೊಳೆಗೆ ಸುಲಭವಾಗಿ ಒಗ್ಗುತ್ತಿತ್ತು. ಇರಾನಿನಲ್ಲಿ ಪತ್ರಿಕೆ, ಪಠ್ಯಪುಸ್ತಕಗಳು ಕ್ರಮೇಣ ನಸ್ಖ್‌ಗೆ ಹೊರಳಿ, ನಸ್ತಲೀಕ್ ಕಾವ್ಯಕ್ಕೂ ಅಲಂಕಾರಕ್ಕೂ ಮೀಸಲಾಯಿತು. ಉರ್ದುವಿನಲ್ಲಿಯೂ ಅಬುಲ್ ಕಲಾಂ ಆಜಾದರು 1912ರಲ್ಲಿ ಕಲ್ಕತ್ತದಿಂದ ಆರಂಭಿಸಿದ ‘ಅಲ್-ಹಿಲಾಲ್’ ಪತ್ರಿಕೆ ನಸ್ಖ್ ಮೊಳೆಗಳಲ್ಲಿ ಅಚ್ಚಾಯಿತು. ಉರ್ದು ಬೆರಳಚ್ಚುಯಂತ್ರಗಳೂ ನಸ್ಖ್ ಮಾದರಿಯನ್ನೇ ಅನುಸರಿಸಿದವು. ಆದರೂ ಉರ್ದು ಓದುಗ ಸಮುದಾಯ ನಸ್ಖ್ ಪುಟವನ್ನು ತನ್ನದೆಂದು ಒಪ್ಪಲಿಲ್ಲ. ಓದುವ ಅಭ್ಯಾಸವೊಂದೇ ಇದಕ್ಕೆ ಕಾರಣವಲ್ಲ. ಉರ್ದು ಓದುಗನ ಕಣ್ಣಿಗೆ ನಸ್ಖ್ ಎಂದರೆ ಅರಬ್ಬೀ, ಧರ್ಮಗ್ರಂಥದ ಲಿಪಿ. ನಸ್ತಲೀಕ್ ಎಂದರೆ ಉರ್ದು. ಒಂದೇ ಲಿಪಿಮಾಗಳ ಎರಡು ಶೈಲಿಗಳಲ್ಲಿ ಒಂದು ಭಾಷೆಯ ಗುರುತಾಗಿ ನಿಂತಿತು. ಶೈಲಿಭೇದವು ಸಾಮಾಜಿಕ ಅರ್ಥವನ್ನು ಹೊರುವುದು ಮಾತಿನಲ್ಲಿ ನಮಗೆ ಪರಿಚಿತ. ಬರವಣಿಗೆಯಲ್ಲಿ ಅದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಅಪರೂಪ.

ಈ ನಿಷ್ಠೆಗೆ ಬೆಲೆ ತೆರಬೇಕಿತ್ತು. ದಿನಪತ್ರಿಕೆಯೊಂದಕ್ಕೆ ಪ್ರತಿದಿನ ಕಾತಿಬರ ತಂಡವೇ ಕೂತು ಬರೆಯಬೇಕು. ತಡವಾಗಿ ಬಂದ ಸುದ್ದಿಗೆ ಜಾಗವಿಲ್ಲ. ತಪ್ಪು ತಿದ್ದಲು ಹೆರೆದು ಬರೆಯಬೇಕು. ಕೈಯಿಂದ ಕೈಗೆ ಬರಹದ ಗುಣ ಬದಲಾಗುತ್ತದೆ. 1927ರಲ್ಲಿ ಚೆನ್ನೈಯಲ್ಲಿ ಆರಂಭವಾದ ‘ದಿ ಮುಸಲ್ಮಾನ್’ ಎಂಬ ಉರ್ದು ಸಂಜೆಪತ್ರಿಕೆ ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಕೈಬರಹದಲ್ಲೇ ಮುಂದುವರಿದು ಪ್ರಸಿದ್ಧವಾಯಿತು. ಇಂದು ಅದು ಅಪೂರ್ವವೆನಿಸುತ್ತದೆ. 1980ಕ್ಕೆ ಮುನ್ನ ಉರ್ದು ಪತ್ರಿಕೋದ್ಯಮದ ಸಾಮಾನ್ಯ ಸ್ಥಿತಿ ಅದೇ ಆಗಿತ್ತು.

4. ನೂರಿ ನಸ್ತಲೀಕ್: ಕೂಡುರೂಪವೇ ಘಟಕ

ಕರಾಚಿಯ ಮುದ್ರಕ, ಲಿಪಿಕಾರ ಮಿರ್ಜಾ ಅಹ್ಮದ್ ಜಮೀಲ್ ಈ ಸ್ಥಿತಿಗೆ ಕಂಡುಕೊಂಡ ಪರಿಹಾರ ಸರಳವೂ ಶ್ರಮಸಾಧ್ಯವೂ ಆಗಿತ್ತು. ನಸ್ತಲೀಕನ್ನು ಅಕ್ಷರಗಳಾಗಿ ಒಡೆಯಲು ಹೋದ ಯತ್ನಗಳೆಲ್ಲ ಸೋತಿದ್ದವು. ಒಡೆಯುವುದನ್ನೇ ಬಿಟ್ಟು, ಕೂಡುರೂಪವನ್ನೇ ಇಡಿಯಾಗಿ ಒಂದು ಆಕೃತಿಯೆಂದು ಪರಿಗಣಿಸಿದರೆ ಇಳಿಜಾರು, ನೆರೆಯ ಪ್ರಭಾವ, ಚುಕ್ಕೆಗಳ ಸ್ಥಾನ ಎಲ್ಲವೂ ಆ ಆಕೃತಿಯೊಳಗೇ ಮೊದಲೇ ತೀರ್ಮಾನವಾಗಿರುತ್ತವೆ. ಬೇಕಾದದ್ದು ಉರ್ದು ಪದಗಳಲ್ಲಿ ಬರುವ ಕೂಡುರೂಪಗಳ ಪಟ್ಟಿ ಮತ್ತು ಅವುಗಳನ್ನು ಒಂದೇ ಕೈಯಿಂದ, ಒಂದೇ ಅಳತೆಯಲ್ಲಿ ಬರೆಯುವ ತಾಳ್ಮೆ. ಜಮೀಲ್ ಬರೆದ ಕೂಡುರೂಪಗಳ ಸಂಖ್ಯೆಯನ್ನು ಸುಮಾರು 18,000ದಿಂದ 20,000 ಎಂದು ಹೇಳಲಾಗುತ್ತದೆ. ಫಾಂಟಿಗೆ ಇಟ್ಟ ‘ನೂರಿ’ ಎಂಬ ಹೆಸರು ಲಿಪಿಕಾರರಾಗಿದ್ದ ಅವರ ತಂದೆ ನೂರ್ ಅಹ್ಮದರ ಸ್ಮರಣೆ.

ಇಷ್ಟು ಆಕೃತಿಗಳನ್ನು ಸೀಸದ ಮೊಳೆಗಳಾಗಿ ಎರಕಹೊಯ್ಯುವುದು ಅಸಾಧ್ಯ. ಆದರೆ 1970ರ ದಶಕದ ನಡುವೆ ಬ್ರಿಟನ್ನಿನ ಮೊನೊಟೈಪ್ ಸಂಸ್ಥೆ ಲೇಸರ್‌ಕಾಂಪ್ ಎಂಬ ಯಂತ್ರವನ್ನು ಹೊರತಂದಿತ್ತು. ಅಕ್ಷರರೂಪಗಳನ್ನು ಅಂಕಗಳಾಗಿ ಸಂಗ್ರಹಿಸಿ, ಲೇಸರ್ ಕಿರಣದಿಂದ ಫಿಲ್ಮಿನ ಮೇಲೆ ಮೂಡಿಸುವ ಈ ಯಂತ್ರಕ್ಕೆ ಆಕೃತಿಗಳ ಸಂಖ್ಯೆ ಒಂದು ಮಿತಿಯಾಗಿರಲಿಲ್ಲ. ಚೀನೀ ಲಿಪಿಯಂತಹ ಸಾವಿರಾರು ಚಿಹ್ನೆಗಳ ಲಿಪಿಗೂ ಅದು ಸೂಕ್ತವಾಗಿತ್ತು. ಮೊನೊಟೈಪ್ ಸಹಯೋಗದಲ್ಲಿ ನೂರಿ ನಸ್ತಲೀಕ್ ಈ ಯಂತ್ರಕ್ಕಾಗಿಯೇ ಸಿದ್ಧವಾಯಿತು.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಕೀಲಿಮಣೆಯ ಮುಂದೆ ಕುಳಿತವನು ಇಪ್ಪತ್ತು ಸಾವಿರ ಆಕೃತಿಗಳಲ್ಲಿ ಒಂದನ್ನು ಹುಡುಕುತ್ತಿರಲಿಲ್ಲ. ಅವನು ಅಕ್ಷರಗಳನ್ನು ಕ್ರಮವಾಗಿ ಒತ್ತುತ್ತಿದ್ದನು. ಸೇರದ ಅಕ್ಷರ ಬಂದೊಡನೆ ಒಂದು ಕೂಡುರೂಪ ಮುಗಿಯಿತೆಂದು ಅರಿತು ಯಂತ್ರವು ಅದನ್ನು ಪಟ್ಟಿಯಿಂದ ತೆಗೆದಿಡುತ್ತಿತ್ತು. ಒಳಗೆ ಹೋಗುವುದು ಲಿಪಿಮಾ, ಹೊರಗೆ ಬರುವುದು ಕೂಡುರೂಪ, ನಡುವೆ ಒಂದು ನಿಘಂಟು. ಆಳದ ರಚನೆ ಮತ್ತು ಮೇಲ್ಮೈ ರಚನೆಗಳನ್ನು ಬೇರ್ಪಡಿಸುವ ವಿಚಾರ ನಸ್ತಲೀಕಿನ ಯಂತ್ರಬಳಕೆಯಲ್ಲಿ ಹೀಗೆ ಮೊದಲ ದಿನದಿಂದಲೇ ಅಡಕವಾಗಿತ್ತು.

ಪಟ್ಟಿಯ ಗೆಲುವು ಪ್ರಶ್ನಾತೀತ. ಉರ್ದು ಪತ್ರಿಕೆಗಳೂ ಪ್ರಕಾಶಕರೂ ಒಬ್ಬೊಬ್ಬರಾಗಿ ಈ ಪದ್ಧತಿಗೆ ಬಂದರು. ಇದರ ಇನ್ನೊಂದು ಮುಖವೆಂದರೆ ಕಾತಿಬರ ವೃತ್ತಿ ಒಂದೆರಡು ದಶಕಗಳಲ್ಲಿ ಕುಗ್ಗಿತು. ನೂರಾರು ಕೈಗಳ ವೈವಿಧ್ಯವಿದ್ದ ಉರ್ದು ಪುಟದಲ್ಲಿ ಒಬ್ಬನೇ ಲಿಪಿಕಾರನ ಕೈ ಪ್ರಮಾಣವಾಗಿ ನಿಂತಿತು. ಇಂದು ಉರ್ದು ಓದುಗನೊಬ್ಬನ ಮನಸ್ಸಿನಲ್ಲಿರುವ ‘ಸಹಜ’ ಉರ್ದು ಪುಟದ ಚಿತ್ರ ಬಹುಮಟ್ಟಿಗೆ ಜಮೀಲ್ ಅವರ ಕೈಬರಹದ್ದೇ.

5. ಪಟ್ಟಿಯ ಮಿತಿ

ಪಟ್ಟಿಯ ಸ್ವರೂಪವನ್ನು ಅರಿಯಲು ಒಂದು ಲೆಕ್ಕ ಸಹಾಯಕ. ಪದಾಂತ್ಯಕ್ಕೆ ಮಾತ್ರ ಬರುವ ನೂನ್-ಗುನ್ನಾ, ಬಡೀ-ಯೇಗಳನ್ನು ಬಿಟ್ಟರೆ, ಮುಂದಿನ ಅಕ್ಷರದೊಡನೆ ಸೇರುವ ಅಕ್ಷರಗಳು ಉರ್ದುವಿನಲ್ಲಿ 27; ಸೇರದವು 9. ಕೂಡುರೂಪದ ಕೊನೆಯಲ್ಲಿ ಈ 36ರಲ್ಲಿ ಯಾವುದೂ ಬರಬಹುದು. ಅದಕ್ಕಿಂತ ಮೊದಲು 27ರಲ್ಲಿ ಒಂದು ಮಾತ್ರ ಬರಬಹುದು. ಆಗ ಎರಡು ಅಕ್ಷರಗಳ ಕೂಡುರೂಪಗಳ ಸಾಧ್ಯತೆ 972. ಮೂರು ಅಕ್ಷರಗಳವು 26,244. ನಾಲ್ಕು ಅಕ್ಷರಗಳವು 7,08,588. ಇಪ್ಪತ್ತು ಸಾವಿರದ ಪಟ್ಟಿ ಮೂರಕ್ಷರದ ಸಾಧ್ಯತೆಗಳನ್ನೇ ಪೂರ್ತಿ ತುಂಬುವುದಿಲ್ಲ. ಅರ್ಥಾತ್, ಆ ಪಟ್ಟಿ ಲಿಪಿಯ ವರ್ಣನೆಯಲ್ಲ. ಅದು ಉರ್ದು ಶಬ್ದಸಂಪತ್ತಿನ ಒಂದು ನೆರಳು. ಉರ್ದು ಪದಗಳಲ್ಲಿ ಬರುವ ಅಕ್ಷರಸರಣಿಗಳು ಮಾತ್ರ ಅದರಲ್ಲಿವೆ.

ಭಾಷೆಯ ವಿವರಣೆಯಲ್ಲಿ ನಿಘಂಟಿಗೂ ವ್ಯಾಕರಣಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ನಿಘಂಟು ಈಗಾಗಲೇ ಇರುವುದನ್ನು ದಾಖಲಿಸುತ್ತದೆ. ವ್ಯಾಕರಣ ಇನ್ನೂ ಹುಟ್ಟದ ರೂಪಕ್ಕೂ ಎಡೆಮಾಡಿಕೊಡುತ್ತದೆ. ಹೊಸ ಎರವಲು ಪದ, ವಿದೇಶಿ ವ್ಯಕ್ತಿನಾಮ, ದಕ್ಷಿಣದ ಊರಿನ ಹೆಸರು ಇವು ಪಟ್ಟಿಯಲ್ಲಿಲ್ಲದ ಸರಣಿಯನ್ನು ತಂದರೆ ಫಾಂಟು ತಡವರಿಸುತ್ತದೆ. ಆ ರೂಪವನ್ನು ಹೊಸದಾಗಿ ಬರೆದು ಸೇರಿಸಬೇಕು, ಇಲ್ಲವೇ ಹೊಂದದ ಬಿಡಿರೂಪಗಳಿಂದ ಜೋಡಿಸಬೇಕು. ಕಾತಿಬನಿಗೆ ಈ ಸಮಸ್ಯೆ ಇರಲಿಲ್ಲ. ಎಂದೂ ಕೇಳದ ಹೆಸರನ್ನೂ ಅವನ ಕೈ ಸರಿಯಾಗಿ ಬರೆಯುತ್ತಿತ್ತು, ಏಕೆಂದರೆ ಅವನಲ್ಲಿದ್ದದ್ದು ಪಟ್ಟಿಯಲ್ಲ, ನಿಯಮ. ನೂರಿ ನಸ್ತಲೀಕ್ ಕಾತಿಬನ ಬರಹವನ್ನು ಸೆರೆಹಿಡಿಯಿತು, ಅವನ ಸಾಮರ್ಥ್ಯವನ್ನಲ್ಲ.

ಉರ್ದುವಿನಾಚೆಗೆ ಈ ಮಿತಿ ಇನ್ನೂ ಗಂಭೀರ. ಕಾಶ್ಮೀರಿ, ಶಾಹ್‌ಮುಖಿ ಲಿಪಿಯ ಪಂಜಾಬಿ, ಉತ್ತರ ಪಾಕಿಸ್ತಾನದ ಹಲವು ಸಣ್ಣ ಭಾಷೆಗಳು ನಸ್ತಲೀಕನ್ನೇ ಬಳಸುತ್ತವೆ. ಇವುಗಳಲ್ಲಿ ಉರ್ದುವಿನಲ್ಲಿಲ್ಲದ ಅಕ್ಷರಗಳೂ ಸ್ವರಚಿಹ್ನೆಗಳೂ ಇವೆ. ಉರ್ದು ಪದಗಳಿಂದ ಕಟ್ಟಿದ ಪಟ್ಟಿಯಲ್ಲಿ ಇವಕ್ಕೆ ಸ್ಥಾನವಿಲ್ಲ. ಪ್ರತಿ ಭಾಷೆಗೂ ಇಪ್ಪತ್ತು ಸಾವಿರ ರೂಪಗಳನ್ನು ಹೊಸದಾಗಿ ಬರೆಯಿಸುವ ಬಂಡವಾಳ ಅಂತಹ ಸಮುದಾಯಗಳಲ್ಲಿ ಇರುವುದಿಲ್ಲ.

6. ಇನ್‌ಪೇಜ್: ಸುಲಭವಾದ ಮುದ್ರಣ, ಮುಚ್ಚಿದ ಪಠ್ಯ

ದೊಡ್ಡ ಪತ್ರಿಕೆಗಳ ಯಂತ್ರದಿಂದ ನೂರಿ ನಸ್ತಲೀಕನ್ನು ಸಾಮಾನ್ಯ ಮುದ್ರಕನ ಮೇಜಿಗೆ ತಂದದ್ದು 1994ರಲ್ಲಿ ದೆಹಲಿಯ ಕಾನ್ಸೆಪ್ಟ್ ಸಾಫ್ಟ್‌ವೇರ್ ಹೊರತಂದ ಇನ್‌ಪೇಜ್. ಆ ಕಾಲದ ಫಾಂಟು ಕಡತವೊಂದರಲ್ಲಿ 256 ಸಂಕೇತಗಳಿಗಷ್ಟೇ ಅವಕಾಶವಿದ್ದುದರಿಂದ ಕೂಡುರೂಪಗಳ ರಾಶಿಯನ್ನು ಎಂಬತ್ತಕ್ಕೂ ಹೆಚ್ಚು ಕಡತಗಳಲ್ಲಿ ಹಂಚಲಾಗಿತ್ತು. ಬಳಸುವವನಿಗೆ ಇದು ಕಾಣುತ್ತಿರಲಿಲ್ಲ. ಅವನು ಅಕ್ಷರಗಳನ್ನು ಒತ್ತುತ್ತ ಹೋದರೆ ನಸ್ತಲೀಕ್ ಮೂಡುತ್ತಿತ್ತು. ಭಾರತದಲ್ಲೂ ಪಾಕಿಸ್ತಾನದಲ್ಲೂ ಉರ್ದು ಪ್ರಕಟಣೆಯ ಸಾಮಾನ್ಯ ಸಾಧನ ಇದೇ ಆಯಿತು. 2011ರ ಜನಗಣತಿಯಂತೆ ಜನಸಂಖ್ಯೆಯ ಸುಮಾರು ಶೇ. 10.8ರಷ್ಟು ಮಂದಿ ಉರ್ದುವನ್ನು ಮಾತೃಭಾಷೆಯೆಂದು ಹೇಳಿಕೊಂಡ ಕರ್ನಾಟಕದ ಉರ್ದು ಮುದ್ರಣವೂ ಈ ಪರಿವರ್ತನೆಯ ಹೊರಗಿರಲಿಲ್ಲ.

ಆದರೆ ಇನ್‌ಪೇಜ್ ಕಡತದೊಳಗಿನ ಅಕ್ಷರಸಂಕೇತಗಳು ಆ ತಂತ್ರಾಂಶಕ್ಕೇ ವಿಶಿಷ್ಟವಾಗಿದ್ದವು. ಸಿದ್ಧವಾದ ಪುಟದಲ್ಲಿ ಉಳಿಯುತ್ತಿದ್ದುದು ಎಂಬತ್ತು ಕಡತಗಳ ಆಕೃತಿಸಂಖ್ಯೆಗಳು ಮಾತ್ರ. ಅಲ್ಲಿಂದ ಪಠ್ಯವನ್ನು ನಕಲಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತಿದ್ದವು. ಜಾಲಕ್ಕೆ ಬಂದ ಉರ್ದು ಪತ್ರಿಕೆಗಳು ಬಹುಕಾಲ ಪುಟಗಳ ಚಿತ್ರಗಳನ್ನೇ ಪ್ರಕಟಿಸಿದವು. ಚಿತ್ರವನ್ನು ಓದಬಹುದು, ಹುಡುಕಲಾಗದು, ಎಣಿಸಲಾಗದು, ಪದಾನುಕ್ರಮಣಿಕೆ ಮಾಡಲಾಗದು. ಒಂದು ಭಾಷೆಯ ದಿನನಿತ್ಯದ ಬರವಣಿಗೆಯ ಬಹುದೊಡ್ಡ ಭಾಗ ಕಣ್ಣಿಗೆ ಕಾಣುತ್ತಲೇ ಭಾಷಾವಿಜ್ಞಾನಿಯ ಕೈಗೆ ಸಿಗದಂತಾಯಿತು. ಕಲ್ಲಚ್ಚಿನ ಕಾಲದ ಸ್ಥಿತಿಯೇ, ಪುಟವೇ ಘಟಕವೆಂಬುದೇ, ಹೊಸ ರೂಪದಲ್ಲಿ ಮರಳಿತ್ತು.

7. ನಿಯಮದ ಫಾಂಟುಗಳು

ಈ ಬಿಕ್ಕಟ್ಟಿಗೆ ತಾತ್ವಿಕ ಪರಿಹಾರ 1991ರಲ್ಲೇ ಪ್ರಕಟವಾದ ಯುನಿಕೋಡ್ ಮಾನದಂಡದಲ್ಲಿತ್ತು. ಯುನಿಕೋಡ್ ಮೂಲತಃ ಸಂಕೇತ ಕೊಡುವುದು ಅಕ್ಷರಕ್ಕೆ, ಆಕೃತಿಗಲ್ಲ. ನಸ್ಖ್, ನಸ್ತಲೀಕ್‌ಗಳೆರಡಕ್ಕೂ ಸಂಕೇತಗಳು ಒಂದೇ. ಯಾವ ಶೈಲಿಯಲ್ಲಿ ತೋರಿಸಬೇಕೆಂಬುದು ಫಾಂಟಿನ ಕೆಲಸ. ಲಿಪಿಮಾ–ಉಪಲಿಪಿಮಾ ಭೇದವನ್ನು ಮಾನದಂಡವಾಗಿ ಸ್ಥಾಪಿಸಿದ ನಿರ್ಣಯ ಇದು. ಆದರೆ ನಿಯಮಬದ್ಧವಾಗಿ ನಸ್ತಲೀಕ್ ಮೂಡಿಸುವ ಫಾಂಟು ಸಿದ್ಧವಾಗುವವರೆಗೆ ಇದರ ಫಲ ವಿಪರೀತವಾಗಿತ್ತು: ಯುನಿಕೋಡಿನ ಉರ್ದು ಪಠ್ಯ ಪರದೆಯ ಮೇಲೆ ನಸ್ಖ್‌ನಲ್ಲಿ ಕಾಣಿಸಿಕೊಂಡು, ಓದುಗರಿಗೆ ತಮ್ಮ ಭಾಷೆಯೇ ಅಪರಿಚಿತವೆನಿಸುತ್ತಿತ್ತು.

ಲಾಹೋರಿನ ಉರ್ದು ಸಂಶೋಧನ ಕೇಂದ್ರವೊಂದು ಈ ಶತಮಾನದ ಆರಂಭದಲ್ಲಿ ರೂಪಿಸಿದ ನಫೀಸ್ ನಸ್ತಲೀಕ್ ಅಕ್ಷರವನ್ನು ಘಟಕವಾಗಿಟ್ಟುಕೊಂಡು, ಸಂದರ್ಭಾನುಸಾರಿ ಪರ್ಯಾಯದ ನಿಯಮಗಳನ್ನು ಬರೆದ ಮೊದಲ ಗಣನೀಯ ಯತ್ನಗಳಲ್ಲಿ ಒಂದು. 2012ರಲ್ಲಿ ವಿಂಡೋಸ್ 8ರೊಡನೆ ಮೈಕ್ರೋಸಾಫ್ಟಿನ ಉರ್ದು ಟೈಪ್‌ಸೆಟಿಂಗ್, 2014ರಲ್ಲಿ ಗೂಗಲ್‌ನ ನೋಟೋ ನಸ್ತಲೀಕ್ ಉರ್ದು, 2017ರಲ್ಲಿ ಎಸ್‌ಐಎಲ್ ಸಂಸ್ಥೆಯ ಅವಾಮಿ ನಸ್ತಲೀಕ್ ಬಂದವು. ಅವಾಮಿ ಫಾಂಟಿನ ಗುರಿ ಉರ್ದು ಮಾತ್ರವಲ್ಲ, ಆ ಶೈಲಿಯನ್ನು ಬಳಸುವ ಇತರ ಭಾಷೆಗಳೂ ಹೌದು ಎಂಬುದು ನಮ್ಮ ವಾದದ ದೃಷ್ಟಿಯಿಂದ ಮುಖ್ಯ. ಒಂದು ಹೊಸ ಅಕ್ಷರವನ್ನು ಸೇರಿಸಬೇಕಾದರೆ ಅದು ಯಾವ ಮೂಲಾಕೃತಿಯ ವರ್ಗಕ್ಕೆ ಸೇರಿದೆಯೆಂದು ತಿಳಿಸಿದರೆ ಆ ವರ್ಗದ ನಿಯಮಗಳೆಲ್ಲ ಅದಕ್ಕೆ ಅನ್ವಯವಾಗುತ್ತವೆ. ಪಟ್ಟಿಯಲ್ಲಿ ಇದು ಸಾಧ್ಯವಿರಲಿಲ್ಲ.

ಪಟ್ಟಿ ಸೋತು ನಿಯಮ ಗೆದ್ದಿತೆಂದು ಇಷ್ಟರಿಂದ ಹೇಳಲಾಗದು. 2008ರ ಸುಮಾರಿಗೆ ನೂರಿಯ ಕೂಡುರೂಪಗಳನ್ನೇ ಯುನಿಕೋಡ್ ಸಂಕೇತಗಳಿಗೆ ಜೋಡಿಸಿದ ಜಮೀಲ್ ನೂರಿ ನಸ್ತಲೀಕ್ ಬಂದು ಬಹಳ ಜನಪ್ರಿಯವಾಯಿತು. ನಿಯಮದಿಂದ ಹುಟ್ಟಿದ ರೂಪಗಳು ಉದ್ದದ ತುಂಡುಗಳಲ್ಲಿ ಚುಕ್ಕೆಗಳ ಘರ್ಷಣೆಗೂ ಅಂತರದ ತೊಡಕಿಗೂ ಒಳಗಾಗುತ್ತವೆ. ಕೈಯಿಂದ ಬರೆದು ಪಟ್ಟಿಗೆ ಸೇರಿಸಿದ ರೂಪ ಎಂದೂ ಮುಗ್ಗರಿಸುವುದಿಲ್ಲ. ಮಾತಿನಲ್ಲಿಯೂ ಹೆಚ್ಚು ಬಳಕೆಯ ಅನಿಯತ ರೂಪಗಳು ನೆನಪಿನಲ್ಲಿ ಇಡಿಯಾಗಿ ಉಳಿದು, ಅಪರೂಪದವು ನಿಯಮದಿಂದ ಮೂಡುತ್ತವೆಂಬ ವಿಚಾರ ನಮಗೆ ಹೊಸದಲ್ಲ. ನಸ್ತಲೀಕ್ ಫಾಂಟುಗಳಲ್ಲಿಯೂ ಪಟ್ಟಿ ಮತ್ತು ನಿಯಮಗಳು ಇಂದು ಅಕ್ಕಪಕ್ಕದಲ್ಲೇ ಇವೆ.

8. ಖಾಲಿ ಜಾಗ ಮತ್ತು ಪಠ್ಯಕೋಶ

ಫಾಂಟಿನ ರಚನೆಯು ಭಾಷಾದತ್ತವನ್ನು ಹೇಗೆ ರೂಪಿಸುತ್ತದೆಂಬುದಕ್ಕೆ ಉರ್ದುವಿನ ಪದವಿಭಜನೆಯ ಸಮಸ್ಯೆ ಉತ್ತಮ ನಿದರ್ಶನ. ಕೈಬರಹದ ನಸ್ತಲೀಕಿನಲ್ಲಿ ಪದಗಳ ನಡುವೆ ಕ್ರಮಬದ್ಧವಾದ ಖಾಲಿ ಜಾಗ ಇರಲಿಲ್ಲ. ಕೂಡುರೂಪದ ಆಕಾರವೂ ಓದುಗನ ಭಾಷಾಜ್ಞಾನವೂ ಪದದ ಎಲ್ಲೆಯನ್ನು ತೋರಿಸುತ್ತಿದ್ದವು. ಕೀಲಿಮಣೆಯಲ್ಲಿ ಖಾಲಿ ಜಾಗದ ಕೀಲಿಗೆ ಬೇರೆಯೇ ಕೆಲಸ ಬಂದಿತು: ಎರಡು ಅಕ್ಷರಗಳು ಸೇರದಂತೆ ತಡೆಯುವುದು. ‘ಸುಂದರ’ ಎಂಬರ್ಥದ ‘ಖೂಬ್‌ಸೂರತ್’ ಪದದಲ್ಲಿ ಬೇ ಅಕ್ಷರವು ಮುಂದಿನ ಸ್ವಾದ್‌ನೊಡನೆ ಸೇರಬಾರದೆಂದು ಬಯಸುವವರು ನಡುವೆ ಖಾಲಿ ಜಾಗ ಒತ್ತುತ್ತಾರೆ. ಸೇರಿದರೂ ಸರಿಯೆನ್ನುವವರು ಒತ್ತುವುದಿಲ್ಲ. ಪಠ್ಯಕೋಶದಲ್ಲಿ ಒಂದೇ ಪದ ಒಮ್ಮೆ ಒಂದಾಗಿ, ಒಮ್ಮೆ ಎರಡಾಗಿ ಎಣಿಕೆಯಾಗುತ್ತದೆ. ಇದಕ್ಕೆ ವಿರುದ್ಧವಾಗಿ, ‘ಮತ್ತು’ ಎಂಬರ್ಥದ ‘ಔರ್’ ಪದ ಸೇರದ ರೇ ಅಕ್ಷರದಿಂದ ಮುಗಿಯುವ ಕಾರಣ ಅದರ ಮುಂದೆ ಖಾಲಿ ಜಾಗ ಬಿಡದಿದ್ದರೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆಗ ಎರಡು ಪದಗಳು ಒಂದಾಗುತ್ತವೆ.

ಸಂಕೇತಗಳ ಮಟ್ಟದಲ್ಲಿಯೂ ಇದೇ ಕಥೆ. ಅರಬ್ಬೀಯ ಕಾಫ್, ಯೇ, ಹೇ ಅಕ್ಷರಗಳಿಗೂ ಉರ್ದುವಿನ ಅವೇ ಅಕ್ಷರಗಳಿಗೂ ಯುನಿಕೋಡಿನಲ್ಲಿ ಬೇರೆ ಸಂಕೇತಗಳಿವೆ. ಪದದ ಆದಿಮಧ್ಯಗಳಲ್ಲಿ ಕಾಫ್, ಯೇಗಳ ರೂಪ ಎರಡರಲ್ಲೂ ಒಂದೇ ಬಗೆಯಾಗಿ ಮೂಡಬಹುದಾದ್ದರಿಂದ ತಪ್ಪು ಸಂಕೇತ ಓದುಗನಿಗೆ ತಿಳಿಯದು. ಹುಡುಕುವ ಯಂತ್ರಕ್ಕೆ ಮಾತ್ರ ಅವು ಎರಡು ಪದಗಳು. ಮುದ್ರಿತ ನಸ್ತಲೀಕನ್ನು ಗಣಕಕ್ಕೆ ಓದಿಸುವ ಸಂಶೋಧನೆಯೂ ಕೂಡುರೂಪವನ್ನು ಇಡಿಯಾಗಿ ಗುರುತಿಸುವ ಪಕ್ಷ, ಅಕ್ಷರಗಳಾಗಿ ಒಡೆಯುವ ಪಕ್ಷ ಎಂದು ಇಬ್ಭಾಗವಾದದ್ದು ಆಕಸ್ಮಿಕವಲ್ಲ. ಜಮೀಲ್ ಎದುರಿಸಿದ ಆಯ್ಕೆಯೇ ಅಲ್ಲಿ ಮರುಕಳಿಸಿದೆ.

9. ಕನ್ನಡದ ಕಡೆಯಿಂದ

ಈ ಚರಿತ್ರೆ ಕನ್ನಡಕ್ಕೆ ದೂರದ್ದಲ್ಲ. ಯುನಿಕೋಡ್ ಪೂರ್ವದ ‘ನುಡಿ’, ‘ಬರಹ’ ಫಾಂಟುಗಳಲ್ಲಿ ಸಂಕೇತ ಇದ್ದದ್ದು ಅಕ್ಷರಗಳಿಗಲ್ಲ, ಅಕ್ಷರಾಕೃತಿಗಳಿಗೂ ಅವುಗಳ ತುಂಡುಗಳಿಗೂ. ‘ಕರ್ನಾಟಕ’ ಎಂಬ ಪದವನ್ನು ಹಳೆಯ ನುಡಿ ಫಾಂಟಿನಲ್ಲಿ ಬರೆದರೆ ಕಡತದಲ್ಲಿ ಉಳಿಯುವ ಕ್ರಮ ಹೀಗೆ: ಕ, ನಾ, ಅರ್ಕಾವೊತ್ತು, ಟ, ಕ. ಕಣ್ಣಿಗೆ ಕಂಡ ಕ್ರಮವದು. ಯುನಿಕೋಡಿನಲ್ಲಿ ಉಳಿಯುವುದು ಉಚ್ಚಾರದ ಕ್ರಮ: ಕ, ರ, ಹಲಂತ, ನ, ಆಕಾರದ ಚಿಹ್ನೆ, ಟ, ಕ. ಅರ್ಕಾವೊತ್ತನ್ನು ಮುಂದಿನ ವ್ಯಂಜನದ ಬಲಕ್ಕೆ ಕೂರಿಸುವುದು ಫಾಂಟಿನ ನಿಯಮ. ಹಳೆಯ ಕಡತಗಳನ್ನು ಅಕಾರಾದಿಯಾಗಿ ಜೋಡಿಸಹೊರಟವರಿಗೂ ಅವುಗಳಿಂದ ಪಠ್ಯಕೋಶ ಕಟ್ಟಹೊರಟವರಿಗೂ ಈ ವ್ಯತ್ಯಾಸದ ಬೆಲೆ ಗೊತ್ತು. ಪ್ರಮಾಣದಲ್ಲಿ ಉರ್ದುವಿನ ತೊಡಕು ದೊಡ್ಡದು. ಸ್ವರೂಪದಲ್ಲಿ ಎರಡೂ ಒಂದೇ. ಆಕೃತಿಯನ್ನು ಪಠ್ಯವೆಂದು ಭಾವಿಸಿದಲ್ಲೆಲ್ಲ ಇದು ಎದುರಾಗುತ್ತದೆ.

ನಮ್ಮ ಸಂಶೋಧಕರಿಗೆ ಇದರಲ್ಲಿ ಇನ್ನೊಂದು ಹೊಣೆಯೂ ಇದೆ. ಹೈದರಾಬಾದ್ ಸಂಸ್ಥಾನದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಪ್ರದೇಶಗಳ ಆಡಳಿತ ದಾಖಲೆಗಳಲ್ಲಿ ಉರ್ದುವಿನವು ಅಪಾರ. ಕನ್ನಡದ ಊರುಗಳ, ವ್ಯಕ್ತಿಗಳ, ಬೆಳೆಗಳ ಹೆಸರುಗಳು ಅಲ್ಲಿ ಅರಬ್ಬೀ ಮೂಲದ ಲಿಪಿಯಲ್ಲಿ ದಾಖಲಾಗಿವೆ. ಅವು ಉರ್ದು ಶಬ್ದಕೋಶದಿಂದ ಕಟ್ಟಿದ ಯಾವ ಪಟ್ಟಿಗೂ ಸಿಗದ ಅಕ್ಷರಸರಣಿಗಳು. ಅವನ್ನು ಗಣಕಕ್ಕೆ ತರುವ ಯಾವುದೇ ಯೋಜನೆ ಮೊದಲು ತೀರ್ಮಾನಿಸಬೇಕಾದದ್ದು ತನ್ನ ಘಟಕ ಯಾವುದೆಂಬುದನ್ನು.

10. ಉಪಸಂಹಾರ

ನೂರಿ ನಸ್ತಲೀಕ್ ಒಂದು ಭಾಷೆಯನ್ನು ಅದರ ಓದುಗರು ಬಯಸಿದ ರೂಪದಲ್ಲೇ ಯಂತ್ರಯುಗಕ್ಕೆ ದಾಟಿಸಿತು. ನಸ್ಖ್‌ಗೆ ಶರಣಾಗದೆ, ಕೈಬರಹದ ಗೌರವ ಕಳೆಯದೆ ಇದನ್ನು ಸಾಧಿಸಿದ್ದು ಸಣ್ಣ ಸಂಗತಿಯಲ್ಲ. ಅದಕ್ಕಾಗಿ ಅದು ಲಿಪಿಯನ್ನು ಅಕ್ಷರಗಳ ವ್ಯವಸ್ಥೆಯೆಂದಲ್ಲ, ರೂಪಗಳ ಭಂಡಾರವೆಂದು ಕಂಡಿತು. ಭಂಡಾರದಲ್ಲಿರುವುದಕ್ಕೆ ಅದು ಅಪ್ರತಿಮ ನ್ಯಾಯ ಒದಗಿಸಿತು, ಇಲ್ಲದ್ದಕ್ಕೆ ಒದಗಿಸಲಾರದಾಯಿತು. ನಿಯಮದ ಫಾಂಟುಗಳು ಈ ಕೊರತೆಯನ್ನು ತುಂಬುವಾಗ ಸೌಂದರ್ಯದಲ್ಲಿ ಒಂದಿಷ್ಟು ಬಿಟ್ಟುಕೊಟ್ಟರೂ ಕಾತಿಬನ ಅರಿವಿಗೆ ಹೆಚ್ಚು ಸಮೀಪವಾದವು.

ಆದುದರಿಂದ ಲಿಖಿತ ದತ್ತವನ್ನು ಆಧರಿಸಿದ ಯಾವುದೇ ಅಧ್ಯಯನದಲ್ಲಿ ಆ ಪಠ್ಯ ಯಾವ ಫಾಂಟಿನಲ್ಲಿ, ಯಾವ ಸಂಕೇತದಲ್ಲಿ, ಯಾವ ತಂತ್ರಾಂಶದ ಮೂಲಕ ಹುಟ್ಟಿತೆಂಬುದನ್ನು ದಾಖಲಿಸುವುದು ಕೇವಲ ತಾಂತ್ರಿಕ ವಿವರವಲ್ಲ. ಮೌಖಿಕ ದತ್ತಕ್ಕೆ ವಕ್ತೃವಿನ ಊರು, ವಯಸ್ಸುಗಳನ್ನು ಹೇಗೆ ದಾಖಲಿಸುತ್ತೇವೋ ಹಾಗೆಯೇ ಇದೂ ಆಗಬೇಕು. ಪದವೆಂದರೇನು, ಅಕ್ಷರವೆಂದರೇನು ಎಂಬ ತೀರ್ಮಾನಗಳಲ್ಲಿ ಕೆಲವನ್ನು ನಮಗಿಂತ ಮೊದಲೇ ಫಾಂಟು ಮಾಡಿ ಮುಗಿಸಿರುತ್ತದೆ.